ಕರಡಿಗೆ ಹಿಡಿದು ನಿಂತ ಹೊತ್ತು

ಮೊನ್ನೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತರು. ಅವರ ಹಣೆಯಿಂದ ಹಸಿ ವಿಭೂತಿಯ ವಾಸನೆ ಬಂತು. ಕಟ್ಟೆಮಳಲವಾಡಿಯ ನಮ್ಮ ಪಕ್ಕದ ಮನೆ ಅಕ್ಕ ನೆನಪಾಗಿ, ಕಂಡಕ್ಟರಿಗೆ ಇಳಿಯುವ ಊರು ಹೇಳಲೂ ತಡವಾಯಿತು...

ಅಕ್ಕ ಲಿಂಗಾಯಿತರು. ನಮ್ಮ ಮನೆಯಲ್ಲಿ ಮೀನು ಬೇಯುವ ದಿನ ಅವರ ಹಿತ್ತಿಲ ಕಿಟಕಿ ಮುಚ್ಚಿರುತ್ತಿತ್ತು. ಮಾರನೆಯ ದಿನ ಅದೇ ಕಿಟಕಿಯಿಂದ ನನಗೆ ಬಿಸಿ ಒಬ್ಬಟ್ಟು ಬರುತ್ತಿತ್ತು. ಅಕ್ಕನ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಪೂಜೆಗೆಂದು ಅಂಗೈಗೆ ಬರುತ್ತಿತ್ತೇ ಹೊರತು, ದೀಕ್ಷೆಯಾದಾಗಿನಿಂದ ಅದು ಅವರ ಮೈ ಬಿಟ್ಟು ಇಳಿದಿರಲಿಲ್ಲ.

ಅದೇ ಎದೆಯಲ್ಲಿ ಗಂಟು ಕಾಣಿಸಿತು. ಮೈಸೂರಿನಲ್ಲಿ ಸೂಜಿ ಹಾಕಿ ನೋಡಿ ಕ್ಯಾನ್ಸರ್ ಎಂದರು. ಎಷ್ಟು ಹಬ್ಬಿದೆ, ಇನ್ನೊಂದು ಎದೆಯಲ್ಲೂ ಇದೆಯೇ ಎಂದು ತಿಳಿಯಲು ಎಂಆರ್‌ಐ ಆಗಬೇಕು, ಆಮೇಲೇ ಆಪರೇಷನ್ ಅಂದರು. ಅಕ್ಕ ನನ್ನನ್ನು ಜೊತೆಗೆ ಕರೆದರು. ನಾನು ಶಾಲೆಯ ಟೀಚರು, ಪರೀಕ್ಷೆ ಪೇಪರಿನ ಕಟ್ಟು ತೋರಿಸಿ ನೀವೇ ಹೋಗಿ ಬನ್ನಿ ಅಂದೆ. ಅವರ ಯಜಮಾನರಿಗೆ ಹೊಗೆಸೊಪ್ಪು ಬೇಯಿಸುವ ಕಾಲ, ಸೊಪ್ಪು ಒಣಗಿಸುವ ಬ್ಯಾರನ್ನಿನ ಮನೆಯ ಬೆಂಕಿ ಬಿಟ್ಟು ಅಲುಗುವಂತಿರಲಿಲ್ಲ. ಅಕ್ಕ ಒಬ್ಬರೇ ಹೋಗಿ ಬಂದರು.

"ಮಿಷನ್ನು ಕೆಟ್ಟೋಗಿದ್ಯಂತೆ ಕಣವ್ವ. ಸರಿ ಆದ್ಮೇಲೆ ಫೋನ್ ಮಾಡ್ತಾರಂತೆ."

ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ರೇಗಿ, "ಅದೇನು ಮಿಷನ್ನಾ, ನಮ್ಮೂರ ಬೋರ್‌ವೆಲ್ಲಾ ಅಕ್ಕ, ಇಷ್ಟು ದಿನ ರಿಪೇರಿ ಆಗೋಕೆ?" ಎಂದೆ. ಅಕ್ಕ ಅಳತೊಡಗಿದರು.

ಮಿಷನ್ನು ಚೆನ್ನಾಗಿಯೇ ಇತ್ತಂತೆ. ಒಳಗೆ ಲೋಹ ಏನೂ ಇರಬಾರದು, ಎಲ್ಲ ತೆಗೆದು ಲಾಕರಿನಲ್ಲಿಡಿ ಅಂದರಂತೆ. ತಾಳಿ, ಕಾಲುಂಗುರ ಬಿಚ್ಚಿದ ಅಕ್ಕ ಕರಡಿಗೆ ಹತ್ತಿರ ಕೈ ತಡೆದು, ಎದ್ದು ಬಂದುಬಿಟ್ಟಿದ್ದರು. "ಲಿಂಗ ತಗ್ದು ತಗಡಿನ ಪೆಟ್ಟಿಗೇಲಿ ಮಡಗು ಅಂದ್ರೆ ಎಂಗವ್ವ ಮಡಗ್ಲಿ?"

ಮರುದಿನವೇ ರಜೆ ಹಾಕಿ ಕರೆದುಕೊಂಡು ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಮುಂದೆ ಹಿಡಿದರು.

"ಅಕ್ಕ, ಬೆಳಿಗ್ಗೆ ಮೀನು ಸಾರು ತಿಂದು ಬಂದಿದ್ದೀನಿ."

ಅಕ್ಕ ಹೊರಗಿನ ನಲ್ಲಿಯತ್ತ ತೋರಿಸಿದರು. "ಕೈ ಬಾಯಿ ತೊಳ್ಕೊಂಡು ಬಾ ಓಗು. ಎದೆಗೊತ್ಕೊಂಡು ನಿಂತಿರು, ಕೆಳಗೆ ಮಾತ್ರ ಮಡಗಬ್ಯಾಡ."

ಒಳಗೆ ಅವರು ಬೋರಲು ಮಲಗಿದ್ದರು, ಅಲ್ಲಾಡುವಂತಿರಲಿಲ್ಲ. ಬಾಗಿಲಾಚೆ ಮಿಷನ್ನು ಟಕಟಕ ಬಡಿದುಕೊಳ್ಳುತ್ತಿತ್ತು. ನಾನು ಮುಕ್ಕಾಲು ಗಂಟೆ ನಿಂತೇ ಇದ್ದೆ. ಆಯಾ ಕುರ್ಚಿ ತಂದಿಟ್ಟರೂ ಕೂರಲಿಲ್ಲ. ಕರಡಿಗೆಗೆ ಅವರ ಮೈಯ ಬಿಸಿ ಇನ್ನೂ ಇತ್ತು. ಅಷ್ಟು ನಂಬಿಕೆಯನ್ನು ನನ್ನ ಕೈಗೆ ಬೇರೆ ಯಾರೂ ಕೊಟ್ಟಿಲ್ಲ.

ಗಂಟು ಅಂದುಕೊಂಡಿದ್ದಕ್ಕಿಂತ ಹಬ್ಬಿತ್ತು. ಕಂಕುಳಿಗೂ ಹೋಗಿತ್ತು. ಆಪರೇಷನ್ ಆಯಿತು, ಕೂದಲು ಹೋಯಿತು... ಒಂದು ಮಧ್ಯಾಹ್ನ ಜಗಲಿಯಲ್ಲಿ ಅವರೇಕಾಯಿ ಸುಲಿಯುತ್ತಾ ಅಕ್ಕ ಕೇಳಿದರು.

"ಮೊದಲ್ನೇ ಸಲವೇ ಮಾಡ್ಸಿದ್ರೆ ಉಳ್ಕೋತಿದ್ನೇನವ್ವ?"

"ಇಲ್ಲ ಅಕ್ಕ. ಡಾಕ್ಟ್ರನ್ನೇ ಕೇಳ್ದೆ. ಎರಡು ತಿಂಗಳು ತಡ ಆಗಿದ್ರಿಂದ ಏನೂ ವ್ಯತ್ಯಾಸ ಆಗಿಲ್ಲ ಅಂದ್ರು."

"ಅಂಗಾದ್ರೆ ಸರಿ ಬುಡು," ಎಂದು ಅಕ್ಕ ಮತ್ತೊಂದು ಹಿಡಿ ಅವರೇಕಾಯಿ ಮಡಿಲಿಗೆ ಹಾಕಿಕೊಂಡರು. ಮುಂದಿನ ಶಿವರಾತ್ರಿಗೆ ಅವರು ಇರಲಿಲ್ಲ.

ನಾನು ಯಾವ ಡಾಕ್ಟರನ್ನೂ ಕೇಳಿರಲಿಲ್ಲ. ಅಕ್ಕನಿಗೆ ಆಪರೇಷನ್ ಮಾಡಿದ ಡಾಕ್ಟರು ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾರೆ. ಹೋದ ತಿಂಗಳು ಕೇಳಿಯೇ ಬಿಡೋಣವೆಂದು ಅವರ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಧೈರ್ಯ ಸಾಲದೆ ವಾಪಸು ಬಂದೆ.