ಪಕ್ಕದ ಮನೆಯ ಹಂಡೆ

ಧಾರವಾಡಕ್ಕೆ ಬಂದ ಐದನೆಯ ದಿನ, ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ, ಯಾರೋ ನನ್ನ ಬಾಗಿಲನ್ನು ದಬದಬ ಬಡಿದರು. ನಮ್ಮ ಚಾಮರಾಜನಗರದ ಕಡೆ ಅಷ್ಟು ಹೊತ್ತಿನಲ್ಲಿ ಬಾಗಿಲು ಬಡಿದರೆ ಅದು ಸಾವಿನ ಸುದ್ದಿ. ಎದ್ದು ಓಡಿಬಂದು ಚಿಲಕ ತೆಗೆದೆ. ಪಕ್ಕದ ಮನೆಯ ಹೆಂಗಸು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. "ನೀರು ಬಂದಾವ್ರಿ. ಲಗೂ ಏಳ್ರಿ," ಎಂದವರೇ ನನ್ನ ಮುಖ ನೋಡುವಷ್ಟೂ ನಿಲ್ಲದೆ ಮುಂದಿನ ಬಾಗಿಲಿಗೆ ಹೋದರು.

ಹೊರಗೆ ಬಂದು ನೋಡಿದರೆ ಓಣಿಗೆ ಓಣಿಯೇ ಎದ್ದು ಕೂತಿತ್ತು. ಕೊಡ, ಬಕೆಟ್ಟು, ಪೈಪು, ಬ್ಯಾರಲ್ಲು. ಬ್ಯಾಂಕಿನ ಮ್ಯಾನೇಜರು ಎಂದು ನನಗೆ ಪರಿಚಯಿಸಲಾಗಿದ್ದ ಗೃಹಸ್ಥರು ಬನಿಯನ್ನಿನಲ್ಲಿ ನೆಲಕ್ಕೆ ಮಂಡಿಯೂರಿ, ತಗ್ಗಿನೊಳಗಿದ್ದ ನಳಕ್ಕೆ ಪೈಪು ಸಿಕ್ಕಿಸುತ್ತಿದ್ದರು. ನಮ್ಮಲ್ಲಿ ನೀರು ಬರುತ್ತದೆ. ಇಲ್ಲಿ ನೀರು ಬರುತ್ತವೆ, ಬೀಗರು ಬಂದ ಹಾಗೆ. ಎಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ ಬರುವವರಿಗೆ ಆ ಮರ್ಯಾದೆ ಸಲ್ಲಬೇಕಾದದ್ದೇ ಎಂದು ಆಮೇಲೆ ಅನ್ನಿಸಿತು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಪರೀಕ್ಷೆ ಬರೆದು, ಗೆದ್ದು ಬಂದ ಕೆಲಸ. ನಮ್ಮ ಮನೆಯಲ್ಲಿ ಮಾತ್ರವಲ್ಲ, ನಮ್ಮ ಬೀದಿಯಲ್ಲೇ ಪದವಿ ಪಡೆದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಇವತ್ತಿಗೂ ಹೆಬ್ಬೆಟ್ಟು ಒತ್ತುವವನು. ಆದೇಶ ಪತ್ರದಲ್ಲಿ ಧಾರವಾಡ ಎಂದಿದ್ದದ್ದನ್ನು ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ, ಅಲ್ಲಿ ಕನ್ನಡ ಮಾತಾಡುತ್ತಾರಾ ಎಂದು. ಮಾತಾಡುತ್ತಾರೆ. ಆದರೆ ಮೊದಲ ಒಂದು ತಿಂಗಳು ತಲೆಯಾಡಿಸಿ ಆಡಿಸಿ ನನ್ನ ಕತ್ತು ನೋಯುತ್ತಿತ್ತು. ಅವರು ಖರೇ ಎಂದರೆ ನಿಜ, ಛಲೋ ಎಂದರೆ ಚೆನ್ನಾಗಿದೆ, ತಾಸು ಎಂದರೆ ಗಂಟೆ. ಬೀಗದಕೈಗೆ ಇಲ್ಲಿ ಕೀಲಿ. ರಾಗಿಮುದ್ದೆ ಎಂದರೆ ಕಚೇರಿಯವರು ಔಷಧಿಯ ಹೆಸರು ಕೇಳಿದಂತೆ ಮುಖ ಮಾಡುತ್ತಿದ್ದರು. ಜೋಳದ ರೊಟ್ಟಿ ಬಡಿಯಲು ಕಲಿತದ್ದು ಏಳನೆಯ ತಿಂಗಳಲ್ಲಿ. ನನ್ನ ಮೊದಲ ದುಂಡನೆಯ ರೊಟ್ಟಿಯ ಫೋಟೋ ಅವ್ವನಿಗೆ ಕಳಿಸಿದೆ. ಸುಟ್ಟಿದೆಯಲ್ಲ ಎಂದಳು.

ಮನೆ ಸಿಕ್ಕಿದ ಬಗೆಯನ್ನು ಹೇಳಲೇಬೇಕು. ಕೆಲಗೇರಿಯ ಈ ಮನೆಯ ಮಾಲೀಕರು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವವರು. ಫೋನಿನಲ್ಲೇ ಮಾತಾಡಿದರು. ಹೆಸರು ಹೇಳಿದೆ, ಎಂ.ಪಿ. ನಾಗರತ್ನ. ಅದಾಯಿತು, ಅಡ್ಡಹೆಸರೇನು ಎಂದರು. ಇಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರಿದೆ. ಅದು ಮನೆತನದ ಹೆಸರು. ಊರಿನ ಮೇಲೆ, ಕಸುಬಿನ ಮೇಲೆ, ಮೆಣಸಿನಕಾಯಿಯ ಮೇಲೂ ಉಳ್ಳಾಗಡ್ಡಿ ಎನ್ನುವ ಈರುಳ್ಳಿಯ ಮೇಲೂ ಅಡ್ಡಹೆಸರುಗಳುಂಟು. ಅದೊಂದನ್ನು ಕೇಳಿದರೆ ನೀವು ಯಾರು, ನಿಮ್ಮ ಮನೆಯಲ್ಲಿ ಏನು ಬೇಯುತ್ತದೆ ಎಂಬುದೆಲ್ಲ ತಿಳಿದವರಿಗೆ ತಿಳಿಯುತ್ತದೆ. ನಮ್ಮ ಕಡೆ ಹೆಸರಿನ ಮುಂದೆ ಎರಡು ಅಕ್ಷರ, ಅಷ್ಟೇ. ಪಿ ಎಂದರೆ ಅಪ್ಪ ಪುಟ್ಟಸ್ವಾಮಿ, ಎಂ ಎಂದರೆ ನನ್ನೂರು ಮೂಡಹಳ್ಳಿ. ಅದನ್ನೇ ಹೇಳಿದೆ. "ಹಂಗಂದ್ರ ಮೂಡಹಳ್ಳಿ ಅವರು ನೀವು. ಛಲೋ ಆತು ಬಿಡ್ರಿ," ಎಂದರು. ನಾನು ಸುಳ್ಳು ಹೇಳಲಿಲ್ಲ. ಅವರು ಮುಂದೆ ಕೇಳಲೂ ಇಲ್ಲ. ನಮ್ಮೂರಲ್ಲಿ ಹೆಸರು ಕೇಳುವ ಮೊದಲೇ ಯಾವ ಬೀದಿ ಎಂದು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮದು ದಲಿತರ ಬೀದಿ. ಇಲ್ಲಿ ನನ್ನ ಬೀದಿ ಯಾರಿಗೂ ಗೊತ್ತಿರಲಿಲ್ಲ. ಓಣಿಯವರೆಲ್ಲರಿಗೂ ನಾನು ಮೂಡಹಳ್ಳಿ ಮೇಡಂ ಆದೆ.

ಅಂದು ಬಾಗಿಲು ಬಡಿದವರು ಶಾಂತಕ್ಕ. ಖಾಸಗಿ ದವಾಖಾನೆಯೊಂದರಲ್ಲಿ ನರ್ಸು. ಗಂಡನಿಗೆ ಹುಬ್ಬಳ್ಳಿಯಲ್ಲಿ ಅಂಗಡಿಯ ಕೆಲಸ, ಇಬ್ಬರು ಹೆಣ್ಣುಮಕ್ಕಳಿಗೆ ಅಲ್ಲಿಯೇ ಕಾಲೇಜು. ಬೆಳಿಗ್ಗೆ ಏಳರ ಹೊತ್ತಿಗೆ ಮನೆಗೆ ಬೀಗ ಬೀಳುತ್ತದೆ. ನೀರು ಐದಕ್ಕೂ ಬರಬಹುದು, ಎಂಟಕ್ಕೂ ಬರಬಹುದು. ವಾಲ್ವು ತಿರುಗಿಸುವವನಿಗೆ ನಮ್ಮ ಓಣಿಯಲ್ಲಿ ಸಿಗುವ ನಮಸ್ಕಾರ ಚುನಾವಣೆಗೆ ನಿಂತವರಿಗೂ ಸಿಗುವುದಿಲ್ಲ. ಮದುವೆಗೆ ಮುಹೂರ್ತ ನೋಡುವಾಗಲೂ ನೀರಿನ ಸರದಿ ಯಾವ ದಿನಕ್ಕೆ ಬೀಳುತ್ತದೆಂದು ಲೆಕ್ಕ ಹಾಕುತ್ತಾರೆ. ಹೀಗಾಗಿ ಈ ಓಣಿಯಲ್ಲಿ ಹಳೆಯದೊಂದು ರೂಢಿ, ಹೊರಗೆ ಹೋಗುವವರು ಮನೆಯಲ್ಲಿರುವವರ ಕೈಗೆ ಕೀಲಿ ಕೊಟ್ಟು ಹೋಗುವುದು. ನನ್ನ ಕಚೇರಿ ಹತ್ತಕ್ಕೆ. ಎರಡನೆಯ ತಿಂಗಳಲ್ಲಿ ಶಾಂತಕ್ಕ ತಮ್ಮ ಕೀಲಿಯನ್ನು ನನ್ನ ಕೈಗಿಟ್ಟರು. ಹೊರಗಿನ ಬ್ಯಾರಲ್ ತುಂಬಿ, ಕುಡಿಯುವ ನೀರನ್ನು ಮಾತ್ರ ಅಡುಗೆಮನೆಯ ತಾಮ್ರದ ಹಂಡೆಗೆ ಬಟ್ಟೆ ಕಟ್ಟಿ ಸೋಸಿ ಹಾಕಿರಿ ಎಂದು ಹೇಳಿ ಬಸ್ಸಿಗೆ ಓಡಿದರು.

ಆ ಹಂಡೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಪಕ್ಕದಲ್ಲೇ ದೇವರ ಜಗುಲಿ. ನಾನು ಚಿಕ್ಕವಳಿದ್ದಾಗ ಅವ್ವ ಖಾಲಿ ಬಿಂದಿಗೆ ಇಟ್ಟುಕೊಂಡು ಊರಬಾವಿಯಿಂದ ಹತ್ತು ಹೆಜ್ಜೆ ದೂರ ಕೂತಿರುತ್ತಿದ್ದಳು. ಯಾರಾದರೂ ಸೇದಿ, ಮನಸ್ಸು ಬಂದರೆ, ಎತ್ತರದಿಂದ ಸುರಿಯಬೇಕು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನಮ್ಮ ಬೀದಿಗೇ ಬೇರೆ ತೊಂಬೆ ಬಂತು. ಸಿಮೆಂಟಿನ ಪುಟ್ಟ ಟ್ಯಾಂಕಿಗೆ ನಮ್ಮ ಕಡೆ ತೊಂಬೆ ಎನ್ನುತ್ತೇವೆ. ಜಗಳ ನಿಂತಿತು. ಬಾವಿಯನ್ನು ನಾವು ಮುಟ್ಟಬಹುದೋ ಬಾರದೋ ಎಂಬುದು ತೀರ್ಮಾನವಾಗಲೇ ಇಲ್ಲ. ಈಗ ಇನ್ನೊಬ್ಬರ ಮನೆಯ ಕುಡಿಯುವ ನೀರು ನನ್ನ ಕೈಯಲ್ಲಿತ್ತು. ತುಂಬಿದೆ. ಒಂದು ಹನಿ ಚೆಲ್ಲಲಿಲ್ಲ.

ಎರಡು ವರ್ಷ ಹಾಗೇ ತುಂಬಿದೆ. ಕಳೆದ ಚಳಿಗಾಲದಲ್ಲಿ ಅವ್ವ ಬಂದಿದ್ದಳು. ನೀರಿನ ದಿನ ನಾನು ಕೀಲಿ ತೆಗೆದುಕೊಂಡು ಹೋದದ್ದು, ಕೊಡ ಹೊತ್ತು ಒಳಗೆ ಹೋಗಿ ಖಾಲಿ ಕೊಡದೊಂದಿಗೆ ಬಂದದ್ದು ಎಲ್ಲವನ್ನೂ ಜಗಲಿಯ ಮೇಲೆ ಕೂತು ನೋಡಿದಳು. ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು. "ಅವ್ರ್ಗ ಗೊತ್ತಾ ಮಗ?"

ಕೇಳಲಿಲ್ಲ, ಹೇಳಲಿಲ್ಲ ಎಂದೆ.

"ನಾಳ ಗೊತ್ತಾದ್ರ ಹಂಡ್ಯ ಹುಣಸೇಹಣ್ಣಾಕಿ ತೊಳೀತರ ಕಣವ್ವ. ಅದ ನೀನು ಕಣ್ಣಾರ ನೋಡ್ಬೇಕಾಯ್ತದ."

ಅವಳಿಗೆ ಕೋಪವಿರಲಿಲ್ಲ. ನನ್ನ ಬಗ್ಗೆ ಭಯವಿತ್ತು. ಊರಿಗೆ ಹೊರಡುವಾಗ ಬಸ್ಸಿನ ಕಿಟಕಿಯಿಂದಲೂ ಅದನ್ನೇ ಹೇಳಿದಳು, ಸುಮ್ಮನೆ ಇದ್ದುಬಿಡು ಎಂದು.

ಸುಮ್ಮನಿರುವುದು ಸುಲಭವೂ ಆಗಿತ್ತು. ಅಷ್ಟರಲ್ಲಿ ನಮ್ಮ ಓಣಿಯ ರಸ್ತೆ ಅಗೆದು ನೀಲಿ ಪೈಪು ಹಾಕತೊಡಗಿದ್ದರು. ಇನ್ನು ದಿನದ ಇಪ್ಪತ್ನಾಲ್ಕು ತಾಸೂ ನೀರು. ಪಕ್ಕದ ಬಡಾವಣೆಗೆ ಆಗಲೇ ಬಂದಿತ್ತು. ಅಲ್ಲಿ ಬಾಡಿಗೆಯ ಬೋರ್ಡಿನಲ್ಲಿ ಎಷ್ಟು ಕೋಣೆ ಎನ್ನುವುದಕ್ಕಿಂತ ದೊಡ್ಡ ಅಕ್ಷರದಲ್ಲಿ 24 ತಾಸು ನೀರು ಎಂದು ಬರೆಯುತ್ತಿದ್ದರು. ಹೆಣ್ಣು ಕೊಡುವವರು ಹುಡುಗನ ಸಂಬಳದ ಜತೆ ನಳವನ್ನೂ ವಿಚಾರಿಸುತ್ತಾರೆ ಎಂದು ಶಾಂತಕ್ಕ ನಗುತ್ತಿದ್ದರು. ಇನ್ನೊಂದೆರಡು ತಿಂಗಳು ಕಳೆದರೆ ಯಾರೂ ಯಾರಿಗೂ ಕೀಲಿ ಕೊಡುವ ಪ್ರಮೇಯವಿಲ್ಲ. ನಾನು ಬಚಾವು.

ಆದರೆ ಹಾಗೆ ಬಚಾವಾದರೆ ಒಂದು ವಿಷಯ ನನಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷ ಅವರು ಕೀಲಿ ಕೊಟ್ಟದ್ದು ನನಗೋ, ಮೂಡಹಳ್ಳಿ ಎಂಬ ಆ ಅಡ್ಡಹೆಸರಿಗೋ? ಊರಿನ ತೊಂಬೆಯ ಕತೆ ಇಲ್ಲಿಯೂ ಆಗುವುದು ನನಗೆ ಬೇಕಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರು ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದಾಗ ಹೋಗಿ ಹೇಳಿದೆ. ಯಾವ ಜಾತಿ, ಯಾವ ಬೀದಿ, ಅವ್ವ ಬಾವಿಯ ಹತ್ತಿರ ಎಲ್ಲಿ ಕೂರುತ್ತಿದ್ದಳು, ಎಲ್ಲವನ್ನೂ.

ಅವರ ಕೈ ನಿಲ್ಲಲಿಲ್ಲ. ಎರಡು ಕಡ್ಡಿ ಸೊಪ್ಪು ಬಿಡಿಸಿದ ಮೇಲೆ, "ಮೊದಲ ಹೇಳಬೇಕಿಲ್ರಿ?" ಎಂದರು.

"ಮೊದಲ ಹೇಳಿದ್ದರ ಕೀಲಿ ಕೊಡ್ತಿದ್ರೇನ್ರಿ?"

"ಖರೇ ಹೇಳ್ಲೇನು? ಗೊತ್ತಿಲ್ರಿ."

ಆ ಉತ್ತರಕ್ಕಾಗಿ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ದನಿ ತಗ್ಗಿಸಿ ಮುಂದುವರಿಸಿದರು. "ನನಗೇನಿಲ್ರಿ. ದವಾಖಾನ್ಯಾಗ ಯಾರ್ಯಾರ ರಕ್ತ ಕೈಗೆ ಹತ್ತತೈತಿ, ನಾ ಎಲ್ಲಿ ಅದನ್ನೆಲ್ಲ ನೋಡ್ಕೋಂತ ಕೂಡ್ಲಿ. ಆದರ ನಮ್ಮ ಹಳ್ಳಿ ಸುಳ್ಳದಿಂದ ಅತ್ತಿ ಬರೂರದಾರ. ಅವರಿದ್ದಾಗಷ್ಟ ನೀವು ಹೊರಗಿನ ಬ್ಯಾರಲ್ ತುಂಬ್ರಿ, ಹಂಡೇಕ ಕೈ ಹಚ್ಚಬ್ಯಾಡ್ರಿ. ಅವರು ಹೋದ ಮ್ಯಾಲ ಮತ್ತ ನಿಮ್ಮ ಮನಿ ಇದ್ದಂಗ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ನನಗೆ ಉರಿದದ್ದೇ ಅದಕ್ಕೆ. ಎರಡು ವರ್ಷದಲ್ಲಿ ಕಲಿತ ಧಾರವಾಡದ ಮಾತು ಎಲ್ಲಿ ಹೋಯಿತೋ, ಬಾಯಿಗೆ ನನ್ನೂರಿನದೇ ಬಂತು. "ಅವ್ರು ಇದ್ದಾಗ ಮುಟ್ಟಬಾರ್ದ ಹಂಡ್ಯ ಅವ್ರು ಇಲ್ದಾಗ ಹೆಂಗ ಮುಟ್ಲಕ್ಕ? ತಕ್ಕಳಿ ನಿಮ್ಮ ಬೀಗದಕೈಯ." ಸೊಪ್ಪಿನ ಮೊರದ ಪಕ್ಕ ಕೀಲಿ ಇಟ್ಟು ಬಂದೆ.

ಮುಂದಿನ ಸರದಿಗೆ ಶಾಂತಕ್ಕ ಪಾಳಿ ಬದಲಿಸಿಕೊಂಡು ತಾವೇ ತುಂಬಿದರು. ಆದರೂ ನನ್ನ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. ಬಡಿದು, ನಾನು ಚಿಲಕ ತೆಗೆಯುವಷ್ಟರಲ್ಲಿ ಹೊರಟುಹೋಗಿರುತ್ತಿದ್ದರು. ಅದರ ಮುಂದಿನ ಸರದಿಯ ಹೊತ್ತಿಗೆ ಅತ್ತೆ ಬಂದಿದ್ದರು. ಅಂದು ದೊಡ್ಡ ಮಗಳು ಕಾಲೇಜು ತಪ್ಪಿಸಿ ಕೊಡ ಹೊತ್ತಳು. ನಾನು ನನ್ನ ಮನೆಯ ಎರಡು ಬಕೆಟ್ಟು ತುಂಬಿಕೊಂಡು ಒಳಗೆ ಬಂದು ಕೂತೆ. ಇಡೀ ಧಾರವಾಡದಲ್ಲಿ ನನಗೆ ಮಾತಾಡಲು ಇದ್ದವರು ಅವರೊಬ್ಬರೇ ಎಂಬುದು ಆ ಹದಿನಾರು ದಿನಗಳಲ್ಲಿ ಅರ್ಥವಾಯಿತು. ಹೇಳಬಾರದಿತ್ತು ಎಂದು ಒಂದು ದಿನವೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು.

ಮೂರನೆಯ ಸರದಿಯ ದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದಾಗ ಶಾಂತಕ್ಕ ಹೋಗದೆ ಅಲ್ಲೇ ನಿಂತಿದ್ದರು, ಬಿಳಿಯ ಸಮವಸ್ತ್ರದಲ್ಲಿ, ಹೆಗಲಿಗೆ ಚೀಲ.

"ನಮ್ಮ ಅತ್ತಿಯವರಿಗೆ ಹೇಳೇನ್ರಿ. ಎರಡು ವರ್ಷ ಯಾರ ಕೈಲೆ ನೀರು ಕುಡದೇವಿ ಅಂತ ಎಲ್ಲಾ ಹೇಳೇನಿ. ಮೂರು ದಿನ ಮನ್ಯಾಗ ಮಾತಿಲ್ಲ. ಈಗ ಅವರು ಕ್ಯಾನಿನ ನೀರು ತರಿಸಿಕೊಂಡು ಕುಡೀತಾರಂತ. ನಾವು ನಾಕೂ ಮಂದಿ ಹಂಡೇದ್ದ ಕುಡಿಯೂದು. ತುಂಬ್ರಿ, ನನಗ ಬಸ್ಸಿಗೆ ಹೊತ್ತಾತು." ನನ್ನ ಅಂಗೈ ಬಿಡಿಸಿ ಕೀಲಿ ಇಟ್ಟು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಸಿಟ್ಟು ಭಾಳ ಐತ್ರಿ ನಿಮಗ," ಎಂದರು.

ಅತ್ತೆ ಅಡುಗೆಮನೆಯ ಬಾಗಿಲಿನ ಬಳಿ ಕಾಲು ಚಾಚಿ ಕೂತಿದ್ದರು. ನಾನು ಕೊಡ ಹೊತ್ತು ಬಂದಾಗ ಕಾಲು ಮಡಿಚಿಕೊಂಡರು. ದಾರಿ ಬಿಡಲೋ, ನನ್ನ ಸೆರಗು ತಾಗದಿರಲೋ, ಹೇಳಲಾರೆ. ಹಂಡೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆ. ಹಿಂದಿನಿಂದ ದನಿ ಬಂತು. "ಅರಿವಿ ಎರಡು ಮಡಿಕಿ ಹಾಕವಾ. ಹೊಸಾ ಪೈಪು ಹಾಕಾಕತ್ತಾರ, ಕೆಸರು ಬರ್ತೈತಿ." ಕುಡಿಯುವುದಿಲ್ಲ ಎಂದವರು ಹೇಳಿದ ಮಾತು ಅದು. ನಾನು ಬಟ್ಟೆಯನ್ನು ಎರಡು ಮಡಿಕೆ ಮಾಡಿದೆ.

ಮೂರನೆಯ ಕೊಡ ಸುರಿಯುವಾಗ ಕ್ಯಾನಿನವನು ಬಂದ. ಮೀಸೆಯ ಗಟ್ಟಿ ಆಳು. ಹೆಗಲ ಮೇಲಿಂದ ನೀರಿನ ಕ್ಯಾನನ್ನು ಹಂಡೆಯ ಪಕ್ಕವೇ ಇಳಿಸಿ, ಖಾಲಿಯದನ್ನು ಎತ್ತಿಕೊಂಡು ಹೋದ. ಅತ್ತೆ ಅದರಿಂದಲೇ ಒಂದು ತಂಬಿಗೆ ಬಗ್ಗಿಸಿಕೊಂಡು ನನ್ನೆದುರೇ ಕುಡಿದರು. ಆ ನೀರನ್ನು ಯಾವ ಊರಿನಲ್ಲಿ ಯಾರು ತುಂಬಿದರು, ಹೊತ್ತು ತಂದವನ ಅಡ್ಡಹೆಸರೇನು, ಕೇಳಲಿಲ್ಲ. ದುಡ್ಡು ಕೊಟ್ಟು ತಂದ ನೀರಿಗೆ ಅದನ್ನೆಲ್ಲ ಕೇಳುವ ಪದ್ಧತಿ ಇನ್ನೂ ಬಂದಿಲ್ಲ. ನಾನು ಹಂಡೆಯನ್ನು ಕತ್ತಿನವರೆಗೆ ತುಂಬಿ, ಮುಚ್ಚಳ ಹಾಕಿ, ಅತ್ತೆ ಒಳಗಿದ್ದುದರಿಂದ ಬೀಗದ ಅಗತ್ಯವಿಲ್ಲದ ಆ ಮನೆಯಿಂದ ಕೀಲಿ ಹಿಡಿದುಕೊಂಡೇ ಹೊರಗೆ ಬಂದೆ.

ಅವ್ವನಿಗೆ ಫೋನು ಮಾಡಿ ಹೇಳಿದೆ. ನಾಲ್ಕು ಜನ ಕುಡಿಯುತ್ತಾರಾ ಎಂದು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲು ಹೋಗಿ ಅತ್ತಳು.

ಅದೇ ನಮ್ಮ ಓಣಿಯ ಕೊನೆಯ ಸರದಿ. ಮರುವಾರ ಹೊಸ ನಳಕ್ಕೆ ಮೀಟರು ಕೂತಿತು, ಈಗ ಯಾವಾಗ ತಿರುಗಿಸಿದರೂ ನೀರು. ಎಲ್ಲರಂತೆ ನನಗೂ ಸಂತೋಷವೇ, ಬೆಳಿಗ್ಗೆ ಎಂಟರವರೆಗೆ ಮಲಗುತ್ತೇನೆ. ಆದರೆ ಇನ್ನೊಂದು ನಾಲ್ಕು ಸರದಿ ಉಳಿದಿದ್ದರೆ ಶಾಂತಕ್ಕನ ಅತ್ತೆಗೆ ಕ್ಯಾನಿನ ನೀರು ಬೇಸರವಾಗುತ್ತಿತ್ತೋ ಏನೋ. ಅದನ್ನು ತಿಳಿಯುವ ದಾರಿ ಇನ್ನಿಲ್ಲ. ಅವರು ಸುಳ್ಳಕ್ಕೆ ಹಿಂದಿರುಗಿದರು. ಹೊರಡುವಾಗ ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ.

ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ, ವರ್ಗಾವಣೆಗೆ ಅರ್ಜಿ ಹಾಕಿ ಬರಬಾರದೇ, ಇನ್ನೂ ಅಲ್ಲೇ ಇರುತ್ತೀಯಾ, ಆ ಊರಿನವಳೇ ಆಗಿಬಿಟ್ಟೆಯಾ ಎಂದು. ನಮ್ಮೂರಿನಲ್ಲಿ ನಾನು ಯಾರ ಅಡುಗೆಮನೆಯೊಳಗೂ ಕಾಲಿಟ್ಟವಳಲ್ಲ. ಇಲ್ಲಿಯ ಲೆಕ್ಕ ಬೇರೆ. ಐದು ಜನರ ಒಂದು ಮನೆಯಲ್ಲಿ, ನಾಲ್ಕು ಜನರ ಮಟ್ಟಿಗೆ, ನಾನು ಈ ಊರಿನವಳು.