ಹಳೆಯ ಸಾವಿಗೆ ರಜೆಯಿಲ್ಲ

“ಇಪ್ಪತ್ತು ವರ್ಷದ ಹಿಂದೆ ಸತ್ತವನಿಗೆ ಈಗ ಎಂತದು ಎಮರ್ಜೆನ್ಸಿ ಮಾರಾಯ್ರೆ?” ಎಂದು ನಮ್ಮ ಎಚ್‌ಆರ್ ಮ್ಯಾನೇಜರು ಕೇಳಿದಾಗ ನನ್ನ ಮೈ ಉರಿದುಹೋಯಿತು. ಆಗ ನಾನು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಅವರ ಕೈಕೆಳಗೆ ಕೆಲಸಕ್ಕಿದ್ದೆ. ಅವರು ಪುತ್ತೂರು ಕಡೆಯವರು, ನಾನು ಉಡುಪಿ ಕಡೆಯವಳು. ಬೇರೆಯವರ ಮುಂದೆ ಇಂಗ್ಲಿಷ್, ಇಬ್ಬರೇ ಇದ್ದಾಗ ಕನ್ನಡ, ಜಗಳಕ್ಕೆ ತುಳು ಎಂದು ನಮ್ಮಲ್ಲಿ ತಾನಾಗಿಯೇ ಗೊತ್ತಾಗಿಬಿಟ್ಟಿತ್ತು.

ರಜೆ ಕೇಳಿದ್ದು ನಾನಲ್ಲ. ನಮ್ಮ ಮದೀನತ್ ಜಾಯೆದ್ ಸೈಟಿನ ಸೇಫ್ಟಿ ಎಂಜಿನಿಯರ್, ಬೋಸ್ನಿಯಾದವನು. ಅವನ ಊರಿನಲ್ಲಿ ಯುದ್ಧ ಶುರುವಾದ ವರ್ಷ, ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸಿನಲ್ಲಿ, ಅವನನ್ನೂ ಅವನ ಅಣ್ಣನನ್ನೂ ಹಿಡಿದುಕೊಂಡು ಹೋಗಿ ಗಣಿಯೊಂದರ ಶೆಡ್ಡಿನಲ್ಲಿ ಕೂಡಿಹಾಕಿದ್ದರು. ಇಬ್ಬರೂ ಮುಸ್ಲಿಮರು ಎನ್ನುವುದೇ ಅಪರಾಧ. ಅಣ್ಣ ಅಲ್ಲಿಂದ ಹಿಂದಿರುಗಲಿಲ್ಲ, ಹೆಣವೂ ಸಿಗಲಿಲ್ಲ. ಈಗ ಒಂದು ಗುಂಡಿ ಅಗೆದಾಗ ಮೂಳೆಗಳು ಸಿಕ್ಕಿ, ತಾಯಿಯ ರಕ್ತದ ಜೊತೆ ತಾಳೆಯಾಗಿದ್ದವು. ಜುಲೈಯಲ್ಲಿ, ಅದೇ ಗುಂಡಿಯಲ್ಲಿ ಸಿಕ್ಕ ಉಳಿದವರ ಜೊತೆ ಮಣ್ಣು ಮಾಡುತ್ತಾರೆ. ಮನೆಯಲ್ಲಿ ಉಳಿದ ಗಂಡಸು ಇವನೊಬ್ಬನೇ. ಅಣ್ಣನ ಪೆಟ್ಟಿಗೆಗೆ ಹೆಗಲು ಕೊಡಲು ಇವನು ಹೋಗಲೇಬೇಕಿತ್ತು.

ಮ್ಯಾನೇಜರಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಾನೇ ಹೇಳಿದ್ದೆ. ನನಗೆ ಗೊತ್ತಾಗಿದ್ದೂ ನನ್ನ ಉದ್ದ ನಾಲಿಗೆಯಿಂದಲೇ. ಸೈಟಿಗೆ ಹೋದಾಗಲೆಲ್ಲ ಮೆಸ್ಸಿನಲ್ಲಿ ಅವನ ಎದುರು ಊಟಕ್ಕೆ ಕೂರುತ್ತಿದ್ದೆ. ನಾನು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅವನ ತಟ್ಟೆ ಖಾಲಿ. “ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ನಿಮ್ಮನ್ನು?” ಎಂದು ಒಂದು ದಿನ ತಮಾಷೆ ಮಾಡಿದೆ. “ಈಗ ಯಾರೂ ಇಲ್ಲ,” ಎಂದು ಅವನು ಆ ಗಣಿಯ ಶೆಡ್ಡಿನ ಊಟದ ಕಥೆ ಹೇಳತೊಡಗಿದ.

ದಿನಕ್ಕೆ ಒಂದೇ ಊಟವಂತೆ. ಗುಂಪುಗುಂಪಾಗಿ ಓಡಿಸಿಕೊಂಡು ಹೋಗುತ್ತಿದ್ದರು. ದಾರಿಯ ಎರಡೂ ಬದಿಗೆ ಕೋಲು ಹಿಡಿದವರು. ಜಾರಿ ಬೀಳಲಿ ಎಂದು ನೆಲಕ್ಕೆ ನೀರು ಹೊಯ್ದಿರುತ್ತಿದ್ದರು. ಎಲೆಕೋಸಿನ ನೀರುಸಾರು, ಒಂದು ಚೂರು ಬ್ರೆಡ್. ಸಾರು ಕುದಿಯುತ್ತಿರುತ್ತಿತ್ತು. ಬಾಯಿ ಸುಟ್ಟುಕೊಂಡು ನುಂಗಬೇಕು, ಇಲ್ಲವೇ ಬಿಟ್ಟು ಏಳಬೇಕು. ಬರುವಾಗ ಮತ್ತೆ ಕೋಲು. ಪೆಟ್ಟಿನ ಹೆದರಿಕೆಗೆ ಊಟಕ್ಕೇ ಏಳದವರು ಇದ್ದರು. ಅಣ್ಣ ಅವರಿಗೂ ಇವನಿಗೂ ಎಂದು ತನ್ನ ಬ್ರೆಡ್ಡನ್ನು ಅಂಗಿಯೊಳಗೆ ಅಡಗಿಸಿ ತರುತ್ತಿದ್ದನಂತೆ. ಶೆಡ್ಡಿನಲ್ಲಿ ಕಾಲು ಚಾಚಲು ಜಾಗವಿಲ್ಲದೆ ಒಬ್ಬರ ಬೆನ್ನಿಗೆ ಒಬ್ಬರು ಒರಗಿ ಕೂತೇ ನಿದ್ದೆ. ಕಕ್ಕಸಿಗೆ ಹೋಗಲು ಕೇಳಿದವನು ಸುಮ್ಮನೆ ಹಿಂದಿರುಗುವ ಭರವಸೆ ಇಲ್ಲದ್ದರಿಂದ ಕೂತಲ್ಲೇ ಎಲ್ಲ. ಕಾವಲಿಗಿದ್ದವರಲ್ಲಿ ಒಬ್ಬ ಅವರದೇ ಶಾಲೆಯ ಆಟದ ಮೇಷ್ಟ್ರು. ಸಂಜೆ ಬಾಗಿಲಲ್ಲಿ ನಿಂತು, ತರಗತಿಯಲ್ಲಿ ಹಾಜರಿ ಕರೆದ ಹಾಗೆ ಹೆಸರು ಕೂಗುತ್ತಿದ್ದ. ಎದ್ದು ಹೋದವರು ಹಿಂದಿರುಗುತ್ತಿರಲಿಲ್ಲ. ಅಣ್ಣ ಹೋದದ್ದೂ ಹಾಗೆಯೇ. ಇಷ್ಟು ಹೇಳಿ ಅವನು ತಟ್ಟೆ ತೊಳೆಯಲು ಎದ್ದುಹೋದ. ಅಣ್ಣ ಹೋದ ಕೆಲವು ತಿಂಗಳ ಬಳಿಕ ಒಂದು ಪರಿಹಾರ ಸಂಸ್ಥೆಯವರು ಬಂದು ಶೆಡ್ಡಿನಿಂದ ಬಿಡಿಸಿದಾಗ ಅವನು ಅರ್ಧದಷ್ಟು ತೂಕದ ಹುಡುಗನಾಗಿದ್ದನಂತೆ.

ಇಂಥವನ ಅರ್ಜಿಗೆ ನಮ್ಮ ಮ್ಯಾನೇಜರು ಕಂಪನಿಯ ಪಾಲಿಸಿ ತೋರಿಸುತ್ತಿದ್ದರು. ಹತ್ತಿರದ ಬಂಧು ತೀರಿಕೊಂಡರೆ, ಅದೇ ವಾರ ಕೇಳಿದರೆ ಮಾತ್ರ ಎಮರ್ಜೆನ್ಸಿ ರಜೆ. “ಸೈಟಲ್ಲಿ ಶಟ್‌ಡೌನ್ ಕೆಲಸ ಉಂಟು, ಸೇಫ್ಟಿಯವ ಇಲ್ಲದೆ ಆಗುದಿಲ್ಲ. ಮೂಳೆ ಎಲ್ಲಿಗೂ ಓಡ್ಲಿಕ್ಕಿಲ್ಲ. ಡಿಸೆಂಬರಿಗೆ ಹೋಗ್ಲಿ.”

“ಈರ್ ದಾದ ಪನ್ಪರ್?” ಎಂದೆ. ಏನು ಹೇಳ್ತಿದ್ದೀರಿ ನೀವು ಎಂದು ತುಳುವಿನಲ್ಲಿ ಕೇಳಿದ್ದೇ ಅವರು ಎದ್ದು ಗಾಜಿನ ಬಾಗಿಲು ಹಾಕಿದರು. ಆಮೇಲೆ ನಾನು ಮಾತು ನಿಲ್ಲಿಸಲಿಲ್ಲ. “ಹೋದ ವರ್ಷ ಆಟಿ ತಿಂಗಳಲ್ಲಿ ನೀವು ಎಮರ್ಜೆನ್ಸಿ ರಜೆ ಹಾಕಿ ಹೋದದ್ದು ಯಾರ ಮದುವೆಗೆ ಸರ್?”

ಅವರ ತಂಗಿಯ ಮದುವೆಗೆ. ತಂಗಿ ತೊಟ್ಟಿಲಲ್ಲೇ ತೀರಿಕೊಂಡವಳು. ಬದುಕಿದ್ದರೆ ಮೂವತ್ತು ದಾಟುತ್ತಿತ್ತು. ಮನೆಯಲ್ಲಿ ಒಂದರ ಹಿಂದೆ ಒಂದು ತೊಂದರೆ ಬಂದು, ಜೋಯಿಸರಲ್ಲಿ ಕೇಳಿದರೆ ಅವಳು ವಯಸ್ಸಿಗೆ ಬಂದಿದ್ದಾಳೆ, ಮದುವೆ ಕೇಳುತ್ತಿದ್ದಾಳೆ ಎಂದಾಯಿತು. ಹಾಗೆಯೇ ಸಣ್ಣದರಲ್ಲಿ ತೀರಿಕೊಂಡ ಗಂಡೊಂದನ್ನು ಹುಡುಕಿ, ಸೀರೆ, ಬಳೆ, ಪಂಚೆ ಇಟ್ಟು, ಬಾಳೆ ಎಲೆಯಲ್ಲಿ ಬಡಿಸಿ, ಎರಡೂ ಮನೆಯವರು ಬೀಗರಾಗಿ ಬಂದರು. ಅರ್ಜಿ ಟೈಪ್ ಮಾಡಿದ್ದು ನಾನೇ. ‘ತಂಗಿಯ ಮದುವೆ’ ಎಂಬಷ್ಟನ್ನೇ ಓದಿದ ನಮ್ಮ ಇಂಗ್ಲಿಷ್ ಜನರಲ್ ಮ್ಯಾನೇಜರು ಮದುಮಗಳಿಗೆಂದು ಉಡುಗೊರೆಯನ್ನೂ ಕೊಟ್ಟು ಕಳಿಸಿದ್ದರು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ನಮ್ಮಲ್ಲಿ ಸತ್ತವರು ದೊಡ್ಡವರಾಗುತ್ತಾರೆ, ಹಸಿಯುತ್ತಾರೆ, ಮರೆತರೆ ಮುನಿಯುತ್ತಾರೆ. ಅದು ಗೊತ್ತಿದ್ದ ಮನುಷ್ಯನ ಬಾಯಲ್ಲಿ ಈ ಮಾತು ಬಂತಲ್ಲ ಎಂಬುದೇ ನನಗೆ ತಡೆಯಲಾಗಲಿಲ್ಲ.

“ಅದು ನಮ್ಮ ಕ್ರಮ. ಅದನ್ನು ಇದಕ್ಕೆ ತರ್ಬೇಡಿ.”

“ಅವರದ್ದೂ ಕ್ರಮವೇ ಅಲ್ವಾ?”

ಅವರು ಎದ್ದು ಗಾಜಿನ ಬಾಗಿಲು ತೆರೆದರು. ಒಂದು ವಾರ ನನ್ನ ಹತ್ತಿರ ಮಾತೂ ಇಲ್ಲ, ಚಾ ಕುಡಿಯಲು ಕರೆಯುವುದೂ ಇಲ್ಲ. ಆಮೇಲೆ ಬೋಸ್ನಿಯಾದವನನ್ನು ಸೈಟಿನಿಂದ ಕರೆಸಿದರು. ಕೂರಿಸಿ, ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಅಣ್ಣನಿಗೆ ಮದುವೆ ಆಗಿತ್ತಾ?”

ಅವನು ಕಣ್ಣು ಕಣ್ಣು ಬಿಟ್ಟ. ರಜೆಗೂ ಮದುವೆಗೂ ಏನು ಸಂಬಂಧ ಎಂದು ನನ್ನ ಮುಖ ನೋಡಿದ. “ಇಲ್ಲ. ಹುಡುಗಿ ನಿಶ್ಚಯವಾಗಿತ್ತು,” ಎಂದ. ಮ್ಯಾನೇಜರು “ಛೆ” ಎಂದು ತಲೆ ತಗ್ಗಿಸಿದರು. ನಿಜವಾಗಿಯೂ ಸಂಕಟಪಟ್ಟಿದ್ದರು. ನಮ್ಮ ಕಡೆಯವರಲ್ಲದೆ ಇನ್ಯಾರೂ ಆ ಹೊತ್ತಿನಲ್ಲಿ ಆ ಪ್ರಶ್ನೆ ಕೇಳಲಾರರು. ಅಲ್ಲೇ ಸಹಿ ಹಾಕಿದರು.

ಆದರೆ ಅವರು ಮುಖ ಊದಿಸಿಕೊಂಡಿದ್ದ ಆ ವಾರದಲ್ಲಿ ಅವನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆ ಹೊರಟುಹೋಗಿತ್ತು. ಈದ್ ರಜೆಗೆ ಸರಕಾರಿ ಕಚೇರಿಗಳು ಮುಚ್ಚುವ ಹೊತ್ತು ಬಂದಿತ್ತು. “ಖಲಾಸ್ ಮೇಡಂ, ಅಬ್ ಈದ್ ಕೆ ಬಾದ್,” ಮುಗಿಯಿತು, ಇನ್ನು ಈದ್ ಕಳೆದ ಮೇಲೆಯೇ ಎಂದು ಕಂಪನಿಯ ವೀಸಾ ಕೆಲಸ ನೋಡುವವನು ಕೈಚೆಲ್ಲಿದ. ಮ್ಯಾನೇಜರು ಅವರಿವರಿಗೆ ಫೋನ್ ಮಾಡಿದರು, ತಾವೇ ಕಾರು ತೆಗೆದುಕೊಂಡು ಓಡಿದರು, ಬೆವರಿಕೊಂಡು ಬರಿಗೈಯಲ್ಲಿ ಬಂದರು. ಒಂದು ವಾರದ ಮೊದಲು ಇದರ ಅರ್ಧದಷ್ಟು ಓಡಿದ್ದರೆ ಸಾಕಿತ್ತು. ಅವರ ಮೇಲೆ ಕನಿಕರಪಡಬೇಕೋ ಕೂಗಾಡಬೇಕೋ ತಿಳಿಯದೆ ನಾನು ಕೈಕೈ ಹಿಸುಕಿಕೊಂಡೆ.

ಮಣ್ಣು ಮಾಡುವ ದಿನ ಬೆಳಿಗ್ಗೆಯವರೆಗೂ ಆಸೆಯಿಂದ ಅವನು ನಮ್ಮ ಆಫೀಸಿಗೇ ಬ್ಯಾಗು ತಂದು ಕೂತಿದ್ದ. ಅಬುಧಾಬಿಯಲ್ಲಿ ವಿಡಿಯೋ ಕಾಲಿಗೆ ನಿಷೇಧವಲ್ಲ, ಊರಿಂದ ಯಾರೋ ಒಂದೊಂದೇ ಫೋಟೋ ಕಳಿಸುತ್ತಿದ್ದರು. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಗಳ ಸಾಲು. ಹೆಂಗಸರು ನಿಲ್ಲುವ ಬೇಲಿಯ ಆಚೆ ತಾಯಿ. ಅಣ್ಣನ ಪೆಟ್ಟಿಗೆಗೆ ಹೆಗಲು ಕೊಟ್ಟ ಪಕ್ಕದ ಮನೆಯ ಹುಡುಗರು. ಮ್ಯಾನೇಜರು ತಾವೇ ಚಾ ತಂದು ಅವನ ಮುಂದಿಟ್ಟು ಅಲ್ಲೇ ನಿಂತರು.

ಅವನು ಫೋನು ಮಗುಚಿಟ್ಟು ಹೇಳಿದ: “ಆ ಸಂಜೆ ಮೇಷ್ಟ್ರು ಕೂಗಿದ್ದು ನಮ್ಮ ಮನೆಹೆಸರನ್ನು ಮಾತ್ರ. ಇಬ್ಬರಲ್ಲಿ ಯಾರು ಎಂದು ಹೇಳಲಿಲ್ಲ. ನಾನು ಏಳಲು ಹೊರಟೆ. ಅಣ್ಣ ನನ್ನ ತೋಳು ಎಳೆದು ಕೂರಿಸಿ, ತಾನು ಎದ್ದು ಹೋದ. ನಾನು ಕೂತೇ ಇದ್ದೆ.”

ಬ್ಯಾಗನ್ನು ಕಾಲ ಬಳಿಗೆ ಎಳೆದುಕೊಂಡು, ನಮ್ಮಿಬ್ಬರನ್ನೂ ನೋಡದೆ, “ಇವತ್ತೂ,” ಎಂದ.