ಮೇಜಿನಡಿಯ ನಲವತ್ತು ನಂಬರು

ನನ್ನ ನಾದಿನಿಗೆ ಕಾಲೇಜಿನಲ್ಲಿದ್ದ ಹೆಸರು ತಟ್ಟೆಯಮ್ಮ. ಅಡುಗೆಮನೆಗೂ ಆ ಹೆಸರಿಗೂ ಸಂಬಂಧವಿಲ್ಲ. ಮನೆಯಲ್ಲಿ ಅವಳು ತಟ್ಟೆ ಎತ್ತಿದ್ದನ್ನು ನಾನಂತೂ ಕಂಡಿಲ್ಲ. ಲ್ಯಾಬಿನ ನಲವತ್ತು ಕಂಪ್ಯೂಟರುಗಳಿಗೆ ವರ್ಷಕ್ಕೆರಡು ಸಲ ಹೊಸದಾಗಿ ಯೂನಿಕ್ಸ್ ಎಂಬ ಮೂಲ ತಂತ್ರಾಂಶ ಹಾಕುವುದು ಅವಳ ಕೆಲಸ. ಸೀಡಿ ಎಂಬ ತಟ್ಟೆಯನ್ನು ಒಂದೊಂದರ ಬಾಯಿಗೂ ಇಟ್ಟು, ಅದು ಕೇಳುವ ಹದಿನಾಲ್ಕು ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಯಾವ ಭಾಷೆ? ಯಾವ ಕೀಲಿಮಣೆ? ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ? ನಾಲ್ಕು ದಿನ ಇದೇ ಪಾಡು.

"ಮದುವೆಗೂ ನನ್ನ ಇಷ್ಟು ಸಲ ಒಪ್ಪಿಗೆ ಕೇಳಿರ್ಲಿಲ್ಲ ಅತ್ತಿಗೆ" ಎನ್ನುತ್ತಿದ್ದಳು.

ಒಂದು ರಜೆಯಲ್ಲಿ ಕೂತು ಹದಿನಾಲ್ಕೂ ಉತ್ತರಗಳನ್ನು ಒಂದೇ ಫೈಲಿನಲ್ಲಿ ಬರೆದು, ಉಳಿದವಕ್ಕೆಲ್ಲ ಬಡಿಸುವ ಸರ್ವರು ಎಂಬ ದೊಡ್ಡ ಕಂಪ್ಯೂಟರಿನಲ್ಲಿಟ್ಟಳು. ಹೊಸದು ಹಾಕುವ ದಿನ ಸರ್ವರನ್ನು ಚಾಲೂ ಮಾಡಿಟ್ಟರೆ ಸಾಕು, ಕಂಪ್ಯೂಟರು ಆನ್ ಆದೊಡನೆ ತಂತಿಯ ಮೂಲಕ ಸರ್ವರನ್ನು ಕೂಗುತ್ತದೆ. ಸರ್ವರು ಯೂನಿಕ್ಸನ್ನೂ ಉತ್ತರಗಳನ್ನೂ ಕಳಿಸುತ್ತದೆ. ಯಾರನ್ನೂ ಏನೂ ಕೇಳದೆ ಹಳೆಯದೆಲ್ಲ ಅಳಿಸಿ ಹೊಸದು ಕೂರುತ್ತದೆ. ನಾಲ್ಕು ದಿನದ ಕೆಲಸ ನಲವತ್ತು ನಿಮಿಷಕ್ಕೆ ಇಳಿಯಿತು.

ಕೇಳದೆ ಅಳಿಸುವವರನ್ನು ಹದ್ದುಬಸ್ತಿನಲ್ಲಿಡಬೇಕಲ್ಲ? ಟಾರ್ಚು ಹಿಡಿದು ಮೇಜುಗಳಡಿ ತೂರಿ, ಪ್ರತಿ ಪೆಟ್ಟಿಗೆಯ ಬೆನ್ನಿಗಂಟಿಸಿದ್ದ ನೆಟ್‌ವರ್ಕ್ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡು, ಆ ಪಟ್ಟಿಯನ್ನು ಫೈಲಿನ ತಲೆಯಲ್ಲಿ ತನ್ನ ಹೆಸರಿನ ಕೆಳಗೆ ಸೇರಿಸಿದಳು. ಪಟ್ಟಿಯಲ್ಲಿಲ್ಲದ ಯಂತ್ರ ಕೂಗಿದರೆ ಸರ್ವರು ಕಿವುಡು.

ವಿಭಾಗದ ಮುಖ್ಯಸ್ಥರು ಮುಖಸ್ತುತಿಯಿಂದಲೇ ಮುಖ್ಯಸ್ಥರಾದವರು. ಫೈಲು ತೆರೆದು ಅವಳ ಹೆಸರನ್ನು ಅಳಿಸಿದರು. ಕೆಳಗಿದ್ದ ನಲವತ್ತು ಸಾಲು ನಂಬರುಗಳು ಕಸದಂತೆ ಕಂಡವೇನೋ, ಅವನ್ನೂ ಗುಡಿಸಿದರು. ತಮ್ಮ ಹೆಸರು ಹಾಕಿಕೊಂಡರು. ಅದನ್ನು ಕಂಡು ಅವಳು ಅವರ ಕೋಣೆಗೆ ಓಡಿದಳು.

"ಸರ್, ಆ ಫೈಲಲ್ಲಿ..."

"ಕೇಳಿದಾಗ ಮಾತ್ರ ಮಾತಾಡಮ್ಮ" ಎಂದರು, ನಾಲ್ಕು ಜನ ಮೇಷ್ಟ್ರುಗಳ ಮುಂದೆ. ಒಬ್ಬರು ನಕ್ಕರು.

ಮರುದಿನ ಪ್ರಿಂಟರಿನ ತಟ್ಟೆಯಲ್ಲಿ ಅವಳಿಗೆ ಮುಖ್ಯಸ್ಥರ ಪತ್ರ ಸಿಕ್ಕಿತು: "ನಾನು ರೂಪಿಸಿದ ವ್ಯವಸ್ಥೆಯಿಂದಾಗಿ ಲ್ಯಾಬ್ ಸಹಾಯಕಿಯ ಹುದ್ದೆ ಇನ್ನು ಅನಗತ್ಯ, ಆಡಳಿತ ಮಂಡಳಿಯ ಮುಂದೆ ಪ್ರಾತ್ಯಕ್ಷಿಕೆ ನೀಡಿದ ಬಳಿಕ ರದ್ದುಪಡಿಸಬಹುದು."

ಹನ್ನೊಂದು ವರ್ಷದ ನೌಕರಿ. ಅವಳು ಆ ಪತ್ರವನ್ನು ನೀಟಾಗಿ ಮಡಿಸಿ ಅವರ ಮೇಜಿನ ಮೇಲೇ ಇಟ್ಟು ಬಂದಳು. ಮನೆಗೆ ಬಂದವಳ ಮುಖ ನೋಡಿ ನನ್ನ ಗಂಡ ಟೀವಿ ಆರಿಸಿಬಿಟ್ಟರು.

ಪ್ರಾತ್ಯಕ್ಷಿಕೆಯ ದಿನ ಮುಖ್ಯಸ್ಥರು ಭಾಷಣದ ಚಿತ್ರಗಳನ್ನು ದೊಡ್ಡ ಪರದೆಗೆ ಬಿಡಲೆಂದು ತಮ್ಮ ಕೋಣೆಯ ಕಂಪ್ಯೂಟರನ್ನೇ ಲ್ಯಾಬಿಗೆ ಹೊರಿಸಿ ತಂದು, ಲ್ಯಾಬಿನ ತಂತಿಗೆ ಸಿಕ್ಕಿಸಿದರು. "ನನ್ನದೂ ಎಲ್ಲದರ ಥರಾನೇ ಇರ್ಲಿ" ಎಂದು ಹಿಂದೊಮ್ಮೆ ಅದನ್ನೂ ಮೊದಲು ಸರ್ವರನ್ನೇ ಕೂಗುವಂತೆ ಮಾಡಿಸಿಕೊಂಡಿದ್ದವರು ಅವರೇ. ನಾದಿನಿ ಎಲ್ಲವನ್ನೂ ನೋಡಿದಳು. ಹೇಳಿದಳೇ? ಯಾರೂ ಕೇಳಲಿಲ್ಲವಲ್ಲ.

ಮಂಡಳಿಯ ಅಧ್ಯಕ್ಷೆ ಮುಖ್ಯ ಸ್ವಿಚ್ಚು ಒತ್ತಿದರು. ನಲವತ್ತೊಂದು ಕಂಪ್ಯೂಟರುಗಳು ಒಟ್ಟಿಗೆ ಎದ್ದವು. ದೊಡ್ಡ ಪರದೆಯ ಮೇಲೆ ಭಾಷಣದ ಬದಲು ಫೈಲುಗಳ ಪಟ್ಟಿಯೊಂದು ಉದ್ದವಾಗತೊಡಗಿತು. ಚಪ್ಪಾಳೆ ಬಿತ್ತು.

"ಏನಮ್ಮಾ ಇದು?" ಮುಖ್ಯಸ್ಥರು ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

ಕೇಳಿದರು! ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಯೂನಿಕ್ಸ್ ಹಾಕ್ಕೊಳ್ತಾ ಇದೆ ಸರ್."

"ನನ್ನ ಫೈಲುಗಳು? ಹದಿನೈದು ವರ್ಷದ್ದು!"

"ಅಳಿಸ್ಕೊಂಡೇ ಹಾಕ್ಕೊಳ್ಳೋದು ಸರ್."

"ಒಂದು ಮಾತು ಕೇಳದೇನಾ?"

"ಕೇಳದೇ ಇರೋ ಹಾಗೆ ಬರೆದೋರು ನೀವೇ ಅಲ್ವಾ ಸರ್? ಮೇಲೆ ಹೆಸರಿದೆ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಹೀಗೆ ಸಿಕ್ಕಿದ್ದನ್ನೆಲ್ಲ ನುಂಗೋದಕ್ಕೆ ತಡೆ ಇಲ್ವೇನ್ರೀ?"

ಮುಖ್ಯಸ್ಥರು ಅವಳ ಕಡೆ ತಿರುಗಿದರು.

"ಇತ್ತು ಮೇಡಂ. ನಲವತ್ತು ನಂಬರಿನ ಪಟ್ಟಿ. ಸರ್ ತೆಗೆದುಬಿಟ್ರು, ಯಾಕೇಂತ ಅವರನ್ನೇ ಕೇಳಿ."

"ಈಗಲೇ ವಾಪಸ್ ಹಾಕಿ" ಎಂದರು ಅಧ್ಯಕ್ಷೆ. "ಬರೆದವರೇ ಹಾಕ್ಲಿ."

"ಎಲ್ಲಿವೆ ಆ ನಂಬರು?" ಮುಖ್ಯಸ್ಥರು ಅವಳನ್ನು ಕೇಳಿದರು.

"ಮೇಜಿನಡಿ ಸರ್. ಪೆಟ್ಟಿಗೆ ಬೆನ್ನ ಮೇಲೆ. ಟಾರ್ಚ್ ಕೊಡ್ಲಾ?"

ಮುಖ್ಯಸ್ಥರು ಕೋಟು ಕಳಚಿ ಮಂಡಿಯೂರಿದರು. ನಂಬರಿನ ಪುಸ್ತಕ ಅವಳ ಬಗಲಚೀಲದಲ್ಲೇ ಇತ್ತು. ಅವಳು ಚೀಲದ ಜಿಪ್ಪು ಎಳೆದುಕೊಂಡಳು. ಅವಳ ಹುದ್ದೆಯ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ.

"ಪಾಪ ಅನ್ನಿಸ್ಲಿಲ್ವೇನೇ?" ಎಂದು ಸಂಜೆ ಕೇಳಿದೆ.

"ಅನ್ನಿಸ್ತು ಅತ್ತಿಗೆ, ಮೂರನೇ ಮೇಜಿನ ಹತ್ರ" ಎಂದಳು. "ನಾಲ್ಕನೇದಕ್ಕೆ ಬರೋಷ್ಟರಲ್ಲಿ ಹೋಯ್ತು."